ಪ್ರಭಾಬೆನ್ನರ ಮಂಚ

ಜೈನರ ಪರ್ಯುಷಣ ಪರ್ವದ ಬೆಳಿಗ್ಗೆ, ಸಾಧ್ವಿಯರು ತಂಗುವ ಉಪಾಶ್ರಯದಲ್ಲಿ ಎಲ್ಲರೂ ಕಣ್ಣು ಮುಚ್ಚಿ ಧ್ಯಾನಕ್ಕೆ ಕುಳಿತಿದ್ದಾಗ, ಸೇವಂತಿಭಾಯಿಯವರ ಕೊರಳಪಟ್ಟಿಯ ಮೇಲೆ ಒಂದು ತಿಗಣೆ ಹೊರಟಿತು. ಅಂಗಡಿ ಮುಚ್ಚಿ ಮನೆಗೆ ನಡೆಯುವ ಶೇಠರಂತೆ ಅದಕ್ಕೆ ಅವಸರವಿರಲಿಲ್ಲ.

ಹಿಂದೆ ಕುಳಿತಿದ್ದವರು ಅವರದೇ ಕಟ್ಟಡದ ಚೇರ್ಮನ್ ಕೀರ್ತಿಭಾಯಿ. ಉಣ್ಣೆಯ ಕುಂಚದಿಂದ ಅದನ್ನು ನೋಯಿಸದೆ ಎತ್ತಿ, ಅಂಗೈಯಲ್ಲಿಟ್ಟು ಮುಂದೆ ಚಾಚಿದರು.

"ಇದು ನಿಮ್ದಲ್ವಾ?"

ಸೇವಂತಿಭಾಯಿ ಸುಳ್ಳು ಹೇಳುವವರಲ್ಲ. "ನಂದೇ," ಎಂದರು.

ಅವರು ಮನೆ ಮುಟ್ಟುವ ಹೊತ್ತಿಗೆ ಬಾಗಿಲಲ್ಲಿ ಕಟ್ಟಡವೇ ನೆರೆದಿತ್ತು.

"ನಮ್ಮನೇಲಿ ಒಂದೂ ಇಲ್ಲಪ್ಪ!" ಎಂದರು ಎದುರುಮನೆಯ ಮಂಗುಬೆನ್. ಉಳಿದವರೂ ಹಾಗೆಯೇ ಆಣೆಯಿಟ್ಟರು.

"ಸಂಜೆಯೊಳಗೆ ಆ ತಿಗಣೆ ಮಂಚ ಹೊರಗೆ ಹೋಗ್ಬೇಕು," ಎಂದರು ಕೀರ್ತಿಭಾಯಿ.

"ಅದು ಪ್ರಭಾದು. ಅದರ ಮೇಲೆ ಮಲಗೋಕೆ ಬಿಡಿ, ಇನ್ನೇನೂ ಬೇಡ," ಎಂದು ಸೇವಂತಿಭಾಯಿ ಬೇಡಿಕೊಂಡರು.

ಹೆಂಡತಿ ಪ್ರಭಾಬೆನ್ ಚೈತ್ರದಲ್ಲಿ ತೀರಿಕೊಂಡಿದ್ದರು. ಅಂದಿನಿಂದ ಸೇವಂತಿಭಾಯಿ ಮಂಚದ ತಮ್ಮ ಅರ್ಧದಲ್ಲೇ ಮಲಗುತ್ತಿದ್ದರು. ಹೆಂಡತಿಯ ಅರ್ಧ ಖಾಲಿ ಇರುತ್ತಿತ್ತು.

ಮಂಚವನ್ನು ಹೇಗೆ ಕಳಿಸುವುದೆಂಬುದೂ ಸುಲಭವಾಗಿರಲಿಲ್ಲ. ಔಷಧಿ ಎಂದೊಡನೆ ಎಲ್ಲರೂ ಕಿವಿ ಮುಚ್ಚಿಕೊಂಡರು. ಬಿಸಿಲಿಗಿಟ್ಟರೆ ಜೀವಗಳು ಬೆಂದು ಸಾಯುತ್ತವೆ. ಗುಜರಿಯವನಿಗೆ ಕೊಟ್ಟರೆ ಸೀಮೆಎಣ್ಣೆ ಸುರಿಯುತ್ತಾನೆ. ಕೊನೆಗೆ ಕೈಗಾಡಿ ತರಿಸಿ, ಮಂಚವನ್ನೂ ಅದರ ಒಡೆಯನನ್ನೂ ಪಾಂಜರಾಪೋಳಕ್ಕೆ ಅಟ್ಟಿದರು. ಮುದಿ ಹಸು, ಕುಂಟ ಕುದುರೆ, ರೆಕ್ಕೆ ಮುರಿದ ಪಾರಿವಾಳ, ಯಾವುದಕ್ಕೂ ಅಲ್ಲಿ ಆಶ್ರಯವಿತ್ತು.

ಅಲ್ಲಿನ ಗುಮಾಸ್ತ ಹಾಸಿಗೆಯ ಅಂಚೆತ್ತಿ ನೋಡಿ, ಥಟ್ಟನೆ ಕೈಬಿಟ್ಟ.

"ಹಸುವಿಗೆ ಹುಲ್ಲಿದೆ, ಪಾರಿವಾಳಕ್ಕೆ ಜೋಳ ಇದೆ. ಇವಕ್ಕೆ ಏನು ಹಾಕ್ಲಿ ಕಾಕಾ, ನನ್ನ ಕಾಲಾ?"

ಸೇವಂತಿಭಾಯಿ ಯೋಚಿಸಿದರು. "ಇರ್ಲಿ ಬಿಡು. ಇಷ್ಟು ದಿನ ನಾನೇ ಹಾಕಿಲ್ವಾ? ಇನ್ನು ಮುಂದೂ ಹಾಕ್ತೀನಿ."

ಗಾಡಿ ತಿರುಗಿತು. ಗುಮಾಸ್ತ ಆ ಮಾತನ್ನು ಫೋನಿನಲ್ಲಿ ಉಪಾಶ್ರಯಕ್ಕೆ ಮುಟ್ಟಿಸಿದ. ಮಧ್ಯಾಹ್ನದ ಪ್ರವಚನದಲ್ಲಿ ಸಾಧ್ವೀಜಿ, "ತನ್ನ ರಕ್ತವನ್ನೇ ದಾನ ಮಾಡುವ ಶ್ರಾವಕ ನಮ್ಮ ನಡುವೆಯೇ ಇದ್ದಾನೆ," ಎಂದು ಕೊಂಡಾಡಿದರು.

ಸೇವಂತಿಭಾಯಿ ಮರಳಿದಾಗ ಗೇಟಿನಲ್ಲಿ ಜನ ಕೈಮುಗಿದು ನಿಂತಿದ್ದರು. ಮಂಚದ ಒಂದು ಕಾಲನ್ನು ಸ್ವತಃ ಕೀರ್ತಿಭಾಯಿಯೇ ಹೊತ್ತು ಮೆಟ್ಟಿಲು ಹತ್ತಿದರು. ಸೇವಂತಿಭಾಯಿಯ ಕಣ್ಣು ತುಂಬಿತು. ಹೊಸ ಚಾದರ ಹಾಸಿ, ಹೆಂಡತಿಯ ಕಡೆಯ ಸುಕ್ಕನ್ನು ಕೈಯಿಂದ ಸರಿಪಡಿಸಿದರು.

ಆಗ ಬಾಗಿಲು ಬಡಿದ ಸದ್ದಾಯಿತು. ಮಂಗುಬೆನ್ ಬಟ್ಟೆ ಮುಚ್ಚಿದ ಬಟ್ಟಲು ಹಿಡಿದು ನಿಂತಿದ್ದರು.

"ಕಾಕಾ, ತಪ್ಪು ತಿಳೀಬೇಡಿ. ನಮ್ಮನೇಲೂ ಒಂದಿಷ್ಟು ಇವೆ. ನಾವೆಲ್ಲಿ ಸಾಕೋಣ? ನಿಮ್ಮದು ದೊಡ್ಡ ಮನಸ್ಸು."

ಅವರ ಹಿಂದೆ ದಿಂಬು ಹಿಡಿದವರು, ಕುರ್ಚಿ ಹೊತ್ತವರು. ರೇಷನ್ ಅಂಗಡಿಯಂತೆ ಸಾಲು ಕೆಳಗಿನ ಮೆಟ್ಟಿಲವರೆಗೂ ಇತ್ತು. ಎಲ್ಲರಿಗಿಂತ ಕೊನೆಗೆ ಕೀರ್ತಿಭಾಯಿ, ಮನೆಯ ಹಾಸಿಗೆಗಳನ್ನೆಲ್ಲ ಹೊರಿಸಿಕೊಂಡು ಬಂದರು. ಒಬ್ಬೊಬ್ಬರೂ ಉಣ್ಣೆಯ ಕುಂಚದಿಂದ ತಮ್ಮ ತಮ್ಮ ಜೀವಗಳನ್ನು ಪ್ರೀತಿಯಿಂದ ಮಂಚದ ಮೇಲೆ ಇಳಿಸಿದರು. ಖಾಲಿ ಇದ್ದದ್ದು ಪ್ರಭಾಬೆನ್ನರ ಕಡೆಯಾದ್ದರಿಂದ ಅಲ್ಲಿಯೇ ಇಳಿಸಿದರು.

ಸೇವಂತಿಭಾಯಿ ಸದ್ದಿಲ್ಲದೆ ಅಡುಗೆಮನೆಯಲ್ಲಿ ಚಾಪೆ ಬಿಡಿಸತೊಡಗಿದರು.

"ಇದೇನು ಕಾಕಾ?" ಕೀರ್ತಿಭಾಯಿ ಗಾಬರಿಯಾದರು. "ನೀವು ಇಲ್ಲಿ ಮಲಗಿದ್ರೆ ಅವು ಉಪವಾಸ ಬೀಳಲ್ವಾ? ಪರ್ವದ ದಿನ ಅಂಥ ಪಾಪ ಮಾಡ್ಬೇಡಿ!"

ಸೇವಂತಿಭಾಯಿ ಚಾಪೆ ಸುತ್ತಿಟ್ಟರು. ಅಂಗಿ ಕಳಚಿ, ತಮ್ಮ ಅರ್ಧದಲ್ಲಿ ಮೆಲ್ಲನೆ ಮಲಗಿದರು. ಚೈತ್ರದಿಂದೀಚೆಗೆ ಮೊದಲ ಸಲ, ಪಕ್ಕದ ಅರ್ಧ ತುಂಬಿತ್ತು.