ಗುತುಯೇನಿ ಪುರಸಭೆಯ ಮೊದಲ ಭೇಟಿ ಪ್ರಕರಣ

ಗುತುಯೇನಿ ಪಟ್ಟಣದ ಜನರು ಸ್ನೇಹಪರರು. ಇದು ಯಾರದೋ ಅಭಿಪ್ರಾಯವಲ್ಲ, ಪುರಸಭೆಯ ನಿರ್ಣಯ. ಸರ್ವಾನುಮತದಿಂದ ಅಂಗೀಕಾರವಾಗಿದೆ. ಒಬ್ಬ ಸದಸ್ಯರು ವಿರೋಧಿಸಿದ್ದು ನಿಜ. ಆದರೆ ಅಂದಿನಿಂದ ಉಳಿದವರು ಅವರೊಂದಿಗೆ ಮಾತು ಬಿಟ್ಟಿರುವುದರಿಂದ ಆ ವಿರೋಧ ಯಾರ ಕಿವಿಗೂ ಬಿದ್ದಿಲ್ಲ.

ಟ್ರಾನ್ಸಿಲ್ವೇನಿಯ ಸೀಮೆಯ ಈ ಪಟ್ಟಣದಲ್ಲಿ ಜರ್ಮನಿಗೆ ಹೊರಟುಹೋದವರ ಮನೆಗಳು ಸಾಲುಸಾಲಾಗಿ ಖಾಲಿ ಬಿದ್ದಿದ್ದವು. ದೇಶದ ಬೇರೆ ಸೀಮೆಗಳಿಂದ ಬಂದು ನೆಲೆಸುವವರಿಗೆ ಅವನ್ನು ಪುಕ್ಕಟೆ ಕೊಡುವುದೆಂದು ಪುರಸಭೆ ಗೊತ್ತುಮಾಡಿತು. ಷರತ್ತು ಒಂದೇ. ಬಂದವರು ಒಂದು ವರ್ಷದೊಳಗೆ ನೆರೆಹೊರೆಯಲ್ಲಿ ಬೆರೆತಿರಬೇಕು. ಬೆರೆತದ್ದಕ್ಕೆ ಪುರಾವೆಯಾಗಿ ಹತ್ತಿರದ ಒಂದು ಮನೆಯೊಡನೆ ‘ಮೊದಲ ಭೇಟಿ’ ನಡೆದದ್ದು ನೆರೆಹೊರೆ ಕಛೇರಿಯ ರಿಜಿಸ್ಟರಿನಲ್ಲಿ ದಾಖಲಾಗಿರಬೇಕು. ಇಲ್ಲದಿದ್ದರೆ ಬೀಗದ ಕೈ ವಾಪಸು.

ಈ ಷರತ್ತನ್ನು ಓದಿ ಲಿಕ್ಸಂದ್ರ ನಕ್ಕುಬಿಟ್ಟಿದ್ದಳು. ಆಕೆ ದಕ್ಷಿಣದ ಓಲ್ಟೇನಿಯ ಸೀಮೆಯವಳು. ಮೂವತ್ತು ವರ್ಷ ಟ್ರಾಮಿನಲ್ಲಿ ಟಿಕೆಟು ಹರಿದವಳು, ದಿನಕ್ಕೆ ಎಂಟುನೂರು ಜನರೊಡನೆ ಮಾತಾಡಿದವಳು. ಗಂಡ ತೀರಿಕೊಂಡ ಮೇಲೆ ಬಾಡಿಗೆ ಮನೆ ಬಿಟ್ಟು, ಪಾತ್ರೆಪಗಡ ಕಟ್ಟಿಕೊಂಡು, ಬೆಕ್ಕನ್ನು ಬುಟ್ಟಿಯಲ್ಲಿ ಹಾಕಿಕೊಂಡು ಮೇ ತಿಂಗಳಲ್ಲಿ ಬಂದಿಳಿದಳು. ಹಿಂದಿರುಗಿ ಹೋಗಲು ಆಕೆಗೆ ಜಾಗವಿರಲಿಲ್ಲ.

ಓಲ್ಟೇನಿಯದಲ್ಲಿ ಬೀದಿಗೆ ಹೊಸಬರು ಬಂದರೆ ಇದ್ದವರೇ ರೊಟ್ಟಿ ಉಪ್ಪು ಹಿಡಿದು ಹೋಗುತ್ತಾರೆ. ಮೂರನೆಯ ದಿನಕ್ಕೆ ಹೊಸಬರ ಮನೆಯಲ್ಲಿ ಎಷ್ಟು ಕಂಬಳಿಗಳಿವೆ ಎಂಬುದು ಊರಿಗೆಲ್ಲ ಗೊತ್ತಿರುತ್ತದೆ. ಹೊಸಬರೇ ಮೊದಲು ಹೋಗಿ ಬಾಗಿಲು ತಟ್ಟಿದರೆ ಏನೋ ಕೇಳಲು ಬಂದಿದ್ದಾರೆಂದು ಅರ್ಥ. ಗುತುಯೇನಿಯಲ್ಲಿ ಇದರ ತಿರುಗುಮುರುಗು. ಹೊಸಬರೇ ಬಂದು ತಟ್ಟಬೇಕು, ಇದ್ದವರು ಹೋದರೆ ಇಣುಕಲು ಬಂದರೆಂದು ಅರ್ಥ.

ಹೀಗಾಗಿ ಮೊದಲ ಭಾನುವಾರ ಲಿಕ್ಸಂದ್ರ ಅಂಗಳ ಗುಡಿಸಿ, ಮೇಜಿನ ಮೇಲೆ ಎರಡು ಲೋಟಗಳನ್ನಿಟ್ಟು ಕಾದಳು. ಅಕ್ಕಪಕ್ಕದ ಮನೆಗಳೆಲ್ಲ ಖಾಲಿ. ಎದುರು ಮನೆಯಲ್ಲಿ ರವೇಕಾ ಎಂಬಾಕೆಯೂ ಎರಡು ಲೋಟಗಳನ್ನಿಟ್ಟು ಕಾದಳು. ರವೇಕಾ ಹಾಲಿನ ಕೇಂದ್ರದಲ್ಲಿ ತೂಕ ನೋಡುತ್ತಿದ್ದು ನಿವೃತ್ತಳಾದವಳು, ಒಂಟಿ ಹೆಂಗಸು. ಕಿಟಕಿಗಳು ಎದುರುಬದುರಾಗಿದ್ದುದರಿಂದ ಇವಳ ಲೋಟ ಅವಳಿಗೆ, ಅವಳ ಲೋಟ ಇವಳಿಗೆ ಚೆನ್ನಾಗಿಯೇ ಕಾಣುತ್ತಿತ್ತು. ಹೀಗೆ ಹದಿನಾಲ್ಕು ಭಾನುವಾರಗಳು ಕಳೆದವು.

ಆಗಸ್ಟ್ ಕೊನೆಗೆ ಲಿಕ್ಸಂದ್ರ ನೆರೆಹೊರೆ ಕಛೇರಿಗೆ ಹೋದಳು. ಅಲ್ಲಿನ ಅಧಿಕಾರಿ ವಲೇರ್. ಟ್ರಾನ್ಸಿಲ್ವೇನಿಯದ ಜನ ಒಂದು ಮಾತಿಗೆ ಉತ್ತರ ಕೊಡುವ ಮೊದಲು ಟೋಪಿ ತೆಗೆದು, ಮೊಳೆಗೆ ತೂಗುಹಾಕಿ, ಅದು ನೆಟ್ಟಗೆ ತೂಗಿದೆಯೇ ಎಂದು ನೋಡುತ್ತಾರೆ. ವಲೇರ್ ಇವನ್ನೆಲ್ಲ ಮುಗಿಸಿ ಕೇಳಿದ:

“ನೀವೇ ಹೋಗಿ ತಟ್ಟಬಹುದಲ್ಲಮ್ಮ?”

“ನಾನ್ಯಾಕ್ರೀ ತಟ್ಟಲಿ? ನಾನೇನು ಸಾಲ ಕೇಳೋಕೆ ಬಂದೋಳಾ?”

“ಹಾಗಾದ್ರೆ ಅವರು ಬರಬೇಕು ಅಂತೀರಿ.”

“ಹದಿನಾಲ್ಕು ವಾರದಿಂದ ಅದನ್ನೇ ಅಂತಿದೀನಿ, ಗೋಡೆಗೆ!”

ವಲೇರ್ ನಿಯಮಾವಳಿ ತೆರೆದ. ಏಳನೆಯ ನಿಯಮದ ಪ್ರಕಾರ ಹೊಸಬರ ಪದ್ಧತಿಗೆ ಗೌರವ ಕೊಡತಕ್ಕದ್ದು. ಒಂಬತ್ತನೆಯ ನಿಯಮದ ಪ್ರಕಾರ ಸ್ಥಳೀಯರ ಪದ್ಧತಿಗೆ ಧಕ್ಕೆ ತರತಕ್ಕದ್ದಲ್ಲ. ಎಂಟನೆಯ ನಿಯಮವನ್ನು ಯಾರೋ ಹರಿದುಕೊಂಡು ಹೋಗಿದ್ದರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಮೂರು ವಾರ ಯೋಚಿಸಿ ಅವನು ಸುತ್ತೋಲೆ ಹೊರಡಿಸಿದ:

“ಈ ಮೂಲಕ ತಿಳಿಯಪಡಿಸುವುದೇನೆಂದರೆ, ಮೊದಲು ಯಾರು ಹೋಗಬೇಕೆಂಬುದು ಉಭಯರ ಮರ್ಯಾದೆಯ ವಿಷಯವಾಗಿರುವುದರಿಂದ ಉಭಯರೂ ಏಕಕಾಲಕ್ಕೆ ಹೊರಡತಕ್ಕದ್ದು. ಭಾನುವಾರ ಚರ್ಚಿನ ಗಂಟೆ ನಾಲ್ಕು ಹೊಡೆದ ಕೂಡಲೇ ಮನೆ ಬಿಡತಕ್ಕದ್ದು. ದಾರಿಯಲ್ಲಿ ಎದುರಾದರೆ ಮಾತಾಡಕೂಡದು. ಬೀದಿಯಲ್ಲಾದ ಪರಿಚಯವನ್ನು ಭೇಟಿಯೆಂದು ಪರಿಗಣಿಸಲಾಗುವುದಿಲ್ಲ.”

ಭಾನುವಾರ ನಾಲ್ಕಕ್ಕೆ ಸರಿಯಾಗಿ ಎರಡೂ ಬಾಗಿಲುಗಳು ತೆರೆದುಕೊಂಡವು. ಲಿಕ್ಸಂದ್ರಳ ಕೈಯಲ್ಲಿ ಆಗತಾನೇ ಬೇಯಿಸಿದ, ಅಕ್ರೋಟು ತುಂಬಿದ ಸಿಹಿ ರೊಟ್ಟಿ. ರವೇಕಾಳ ಕೈಯಲ್ಲಿ ಪ್ಲಮ್ ಹಣ್ಣಿನ ಸಾರಾಯಿ. ರಸ್ತೆಯ ನಡುವೆ ವಲೇರ್ ರಿಜಿಸ್ಟರು ಹಿಡಿದು ನಿಂತಿದ್ದ. ಅವನ ಎಡಗಡೆಯಿಂದ ಒಬ್ಬಳು, ಬಲಗಡೆಯಿಂದ ಒಬ್ಬಳು, ತುಟಿ ಬಿಗಿದುಕೊಂಡು ದಾಟಿಹೋದರು. ಲಿಕ್ಸಂದ್ರ ರವೇಕಾಳ ಬಾಗಿಲು ತಟ್ಟಿದಳು. ರವೇಕಾ ಲಿಕ್ಸಂದ್ರಳ ಬಾಗಿಲು ತಟ್ಟಿದಳು. ಯಾರೂ ತೆರೆಯಲಿಲ್ಲ. ಕಾಲು ಗಂಟೆ ಕಾದು, ಬಂದ ದಾರಿಯಲ್ಲೇ ತುಟಿ ಬಿಗಿದುಕೊಂಡು ಇಬ್ಬರೂ ಮನೆ ಸೇರಿದರು.

ವಲೇರ್ ಬರೆದುಕೊಂಡ: “ಉಭಯರೂ ಭೇಟಿಗೆ ಹೋಗಿರುತ್ತಾರೆ. ಉಭಯರೂ ಮನೆಯಲ್ಲಿರಲಿಲ್ಲ.”

ಅತಿಥಿ ಬಂದಾಗ ಮನೆಯಲ್ಲಿಲ್ಲದಿರುವುದು ಹನ್ನೆರಡನೆಯ ನಿಯಮದಡಿ ಅಪರಾಧ. ಇಬ್ಬರೂ ಪರಸ್ಪರರ ಮೇಲೆ ದೂರು ಕೊಡಲು ಅರ್ಹರಾದರು.

ದೂರು ತೆಗೆದುಕೊಳ್ಳುವುದು ಮಂಗಳವಾರ ಹತ್ತಕ್ಕೆ. ವಲೇರ್ ಬರುವುದು ಹನ್ನೊಂದಕ್ಕೆ. ಕಛೇರಿಯಲ್ಲಿ ಇದ್ದದ್ದು ಒಂದೇ ಬೆಂಚು. ಅದರ ಎರಡು ತುದಿಯಲ್ಲಿ ಇಬ್ಬರೂ ಕೂತರು. ಕಛೇರಿ ಬೀದಿಯೂ ಅಲ್ಲ, ಮನೆಯೂ ಅಲ್ಲವಾದ್ದರಿಂದ ಅಲ್ಲಿ ಮಾತಾಡಬಾರದೆಂಬ ನಿಯಮವಿರಲಿಲ್ಲ. ನಲವತ್ತು ನಿಮಿಷವಾದ ಮೇಲೆ ರವೇಕಾ ಬಾಯಿ ಬಿಟ್ಟಳು.

“ನೀವೂ ದೂರು ಕೊಡೋಕೆ ಬಂದ್ರಾ?”

“ಹೂಂ. ನಮ್ಮ ಎದುರು ಮನೆಯವಳ ಮೇಲೆ.”

“ಅಯ್ಯೋ, ನಂದೂ ಅದೇ ಗೋಳು. ಹೇಗವಳು?”

“ಬಿಗುಮಾನ ಅಂದ್ರೆ ಬಿಗುಮಾನ, ನೋಡಿ. ಈ ಕಡೆಯೋರೇ ಹಾಗೆ, ಏನಾದ್ರೂ ಕೇಳಿದ್ರೆ ಉತ್ತರ ಬರೋಷ್ಟರಲ್ಲಿ ಕೇಳಿದೋರಿಗೆ ಮುಪ್ಪು ಬಂದಿರುತ್ತೆ.”

ರವೇಕಾ ಈ ಮಾತನ್ನು ಬಹಳ ಹೊತ್ತು ಯೋಚಿಸಿದಳು.

“ನಮ್ಮವಳು ಅದಕ್ಕೆ ಉಲ್ಟಾ,” ಎಂದಳು. “ಬಾಯಿಗೆ ಬಿಡುವೇ ಇಲ್ಲ. ಒಲೆ ಹತ್ರ ಮಾತು, ಬೆಕ್ಕಿನ ಹತ್ರ ಮಾತು. ದಕ್ಷಿಣದೋರೇ ಹಾಗೆ. ಈರುಳ್ಳಿ ಸೊಪ್ಪು ತಿಂದು ತಿಂದು ನಾಲಿಗೆ ಉದ್ದ ಆಗಿರುತ್ತೆ.”

“ಬೆಕ್ಕಿನ ಹತ್ರ ಮಾತಾಡ್ತಾಳೆ ಅಂದ್ರೆ, ಪಾಪ, ಒಬ್ಬಳೇ ಇರ್ತಾಳೇನೋ.”

“ಇರಬಹುದು. ನಿಮ್ಮವಳೂ ಒಬ್ಬಳೇನಾ?”

“ಒಬ್ಬಳೇ.”

ಲಿಕ್ಸಂದ್ರ ದೂರಿಗೆ ಸಾಕ್ಷ್ಯವೆಂದು ತಂದಿದ್ದ ಭಾನುವಾರದ ರೊಟ್ಟಿಯನ್ನು ಮುರಿದು ಅರ್ಧ ಕೊಟ್ಟಳು. ರವೇಕಾ ತನ್ನ ಸಾಕ್ಷ್ಯದ ಬಿರಡೆ ತೆಗೆದಳು. ವಲೇರ್ ಬರುವಷ್ಟರಲ್ಲಿ ಸಾಕ್ಷ್ಯ ಅರ್ಧಕ್ಕರ್ಧ ನಾಶವಾಗಿತ್ತು. ಆ ದಿನ ಲಿಕ್ಸಂದ್ರ ಮನೆಗೆ ಬಂದು ಬೆಕ್ಕಿನ ಹತ್ತಿರ ಮಾತೇ ಆಡಲಿಲ್ಲ. ಅಷ್ಟು ಸಂತೋಷವಾಗಿತ್ತು ಅವಳಿಗೆ.

ಅಲ್ಲಿಂದ ಮುಂದೆ ಇಬ್ಬರೂ ಪ್ರತಿ ಮಂಗಳವಾರ ತಪ್ಪದೆ ಒಂಬತ್ತಕ್ಕೇ ಬಂದು ದೂರು ಕೊಡತೊಡಗಿದರು. ಫೆಬ್ರವರಿಯಲ್ಲಿ ಒಂದು ಮಂಗಳವಾರ ಬೆಂಚಿನ ಇನ್ನೊಂದು ತುದಿ ಖಾಲಿ ಇತ್ತು. ರವೇಕಾಗೆ ಜ್ವರ. ಮರುದಿನ ಲಿಕ್ಸಂದ್ರ ಮುಚ್ಚಳ ಕಟ್ಟಿದ ಪಾತ್ರೆಯೊಂದನ್ನು ತಂದು ವಲೇರನ ಮೇಜಿನ ಮೇಲಿಟ್ಟಳು.

“ಇದೇನಮ್ಮ?”

“ನನ್ನ ದೂರಿಗೆ ಅನುಬಂಧ. ಕೋಳಿ ಸಾರು. ಆರೋದ್ರೊಳಗೆ ಎದುರು ಪಕ್ಷಕ್ಕೆ ತಲುಪಬೇಕು.”

ವಲೇರ್ ಮುಚ್ಚಳ ತೆಗೆದು, ಒಂದು ಚಮಚದಷ್ಟು ಪರಿಶೀಲಿಸಿ, ಇನ್ನೊಂದು ಚಮಚದಷ್ಟು ಮರುಪರಿಶೀಲಿಸಿ, ಮುಚ್ಚಳಕ್ಕೆ ಮೊಹರು ಹಾಕಿ ತಾನೇ ಹೊತ್ತುಕೊಂಡು ಹೋದ. ಸಂಜೆ ಖಾಲಿ ಪಾತ್ರೆ ರವೇಕಾಳ ಹಿಂಬರಹದೊಂದಿಗೆ ವಾಪಸು ಬಂತು: “ಸ್ವೀಕರಿಸಿದೆ. ಉಪ್ಪು ಕಮ್ಮಿ.”

ಏಪ್ರಿಲಿನಲ್ಲಿ ಲಿಕ್ಸಂದ್ರಳಿಗೆ ಮನೆಯ ವಾಯಿದೆಯ ನೋಟಿಸು ಬಂತು. ವರ್ಷ ತುಂಬಲು ಹದಿನೈದು ದಿನ ಉಳಿದಿತ್ತು, ಭೇಟಿ ದಾಖಲಾಗಿರಲಿಲ್ಲ. ಅವಳು ಮಾನ ಮರ್ಯಾದೆಯನ್ನೆಲ್ಲ ಗಂಟುಕಟ್ಟಿ ಮೂಲೆಗಿಟ್ಟು ವಲೇರನ ಹತ್ತಿರ ಓಡಿದಳು.

“ನಾನೇ ಹೋಗಿ ತಟ್ತೀನಿ ಸ್ವಾಮಿ. ಇವತ್ತೇ. ಬರ್ಕೊಳ್ಳಿ.”

“ಆಗೋಲ್ಲಮ್ಮ. ದೂರು ಬಾಕಿ ಇರುವಾಗ ಭೇಟಿ ಕೂಡದು.”

“ದೂರು ವಾಪಸು ತಗೋತೀನಿ!”

“ಅದಕ್ಕೆ ತೊಂಬತ್ತು ದಿನ.”

“ಹಾಗಾದ್ರೆ ನಾನು ಬೀದಿಗೆ ಬೀಳಬೇಕಾ?”

ವಲೇರ್ ಟೋಪಿಯನ್ನು ನೋಡಿದ. ಅದು ನೆಟ್ಟಗೇ ತೂಗುತ್ತಿತ್ತು. “ಇಲ್ಲ,” ಎಂದ. “ನಿಮ್ಮ ಮೇಲೆ ದೂರು ಬಾಕಿ ಇರೋ ತನಕ ನಿಮ್ಮನ್ನ ಖಾಲಿ ಮಾಡಿಸೋಕೂ ಬರೋಲ್ಲ. ಆದ್ರೆ ರವೇಕಾ ಅವರ ದೂರು ಶುಕ್ರವಾರ ಇತ್ಯರ್ಥ ಆಗ್ತದೆ. ನೀವು ಮನೆಗೆ ಬಂದಿಲ್ಲ ಅಂತ ಅವರು ಹೊಸದು ಕೊಟ್ರೆ ಸರಿ. ವಾರ ವಾರ ಕೊಡ್ತಾ ಇದ್ರೆ, ನೀವು ಸಾಯೋ ತನಕ ಇರಬಹುದು.”

“ಒಮ್ಮೆಯಾದ್ರೂ ಅವಳ ಮನೆಗೆ ಹೋಗಿಬಂದ್ರೆ?”

“ವಾಯಿದೆ ಮೀರಿದ ಭೇಟಿ ಲೆಕ್ಕಕ್ಕಿಲ್ಲ. ದೂರಿಗೆ ಆಧಾರ ಹೋಯ್ತು. ಮನೆಯೂ ಹೋಯ್ತು.”

ಮರುದಿನ ಮಂಗಳವಾರ, ಬೆಂಚಿನ ಮೇಲೆ ಲಿಕ್ಸಂದ್ರ ಇದನ್ನೆಲ್ಲ ಒಂದೇ ಉಸಿರಿಗೆ ಹೇಳಿದಳು. ರವೇಕಾ ತನ್ನ ಹಳೆಯ ದೂರಿನ ಪ್ರತಿ ತೆಗೆದು ಸಾಲು ಸಾಲಾಗಿ ಓದತೊಡಗಿದಳು. ಹಾಲಿನ ಕೇಂದ್ರದಲ್ಲಿ ಮೂವತ್ತು ವರ್ಷ ಒಂದು ತೊಲ ಹೆಚ್ಚು ಬರೆದವಳಲ್ಲ, ಕಡಿಮೆ ಬರೆದವಳಲ್ಲ.

“ಸುಳ್ಳು ದೂರು ನಾನು ಬರೆಯೋಳಲ್ಲ ಕಣೇ,” ಎಂದಳು ರವೇಕಾ ಕೊನೆಗೆ. “ಆದ್ರೆ ನೀನು ನಮ್ಮನೆಗೆ ಬಂದಿಲ್ಲ ಅನ್ನೋದು ಸುಳ್ಳೇನಲ್ವಲ್ಲ.”

ಈ ಏರ್ಪಾಡು ಎಲ್ಲರಿಗೂ ಒಪ್ಪಿಗೆಯಾಯಿತು. ನೆರೆಹೊರೆ ಕಛೇರಿಗೆ ಅತಿ ಹೆಚ್ಚು ಅರ್ಜಿಗಳು ಬಂದ ಪಟ್ಟಣವೇ ಅತಿ ಸ್ನೇಹಪರ ಪಟ್ಟಣವೆಂದು ಜಿಲ್ಲಾಡಳಿತ ಗುತುಯೇನಿಗೆ ಫಲಕ ಕೊಟ್ಟಿತು. ಬೆಂಚುಗಳು ಐದಾದವು. ಈಗ ಹೊಸಬರು ಬಂದಿಳಿದರೆ, ಬೀದಿಯವರು ಕಿಟಕಿಯಿಂದಲೇ ಕೂಗಿ ಹೇಳುತ್ತಾರೆ: “ಬನ್ನಿ ಬನ್ನಿ, ಮಂಗಳವಾರ ನಿಮ್ಮ ಮೇಲೆ ದೂರು ಕೊಡ್ತೀವಿ!” ಹೊಸಬರಿಗೆ ಕಣ್ಣು ತುಂಬಿಬರುತ್ತದೆ.

ಮೊನ್ನೆಯ ಮಂಗಳವಾರವೂ ರವೇಕಾ ಮಂಡಿಯ ಮೇಲೆ ಕಾಗದವಿಟ್ಟುಕೊಂಡು ಬರೆಯುತ್ತಿದ್ದಳು. “‘ಸದರಿ ಲಿಕ್ಸಂದ್ರ ಎಂಬಾಕೆ ಈವರೆಗೆ ನನ್ನ ಹೊಸಿಲು ತುಳಿದಿರುವುದಿಲ್ಲ.’ ಆಮೇಲೆ?”

“‘ತುಳಿಯುವ ಲಕ್ಷಣವೂ ಕಾಣುವುದಿಲ್ಲ’ ಅಂತ ಹಾಕು. ಗಟ್ಟಿ ಇರಲಿ.”

ರವೇಕಾ ಹಾಕಿದಳು.

“ಅಲ್ವೇ, ನಿನ್ನ ಅಡುಗೆಮನೆ ಹೇಗಿದೆ?” ಎಂದಳು ಲಿಕ್ಸಂದ್ರ. “ಒಲೆ ಯಾವ ಕಡೆ?”

ರವೇಕಾ ಯೋಚಿಸಿ, ದೂರನ್ನು ಮಗುಚಿ, ಹಿಂಬದಿಯಲ್ಲಿ ಗೆರೆ ಎಳೆದು ತೋರಿಸಿದಳು. ಇದು ಬಾಗಿಲು, ಇದು ಒಲೆ, ಇದು ಮೇಜು. ಮೇಜಿನ ಪಕ್ಕದಲ್ಲಿ ಒಂದು ಚೌಕ ಬರೆದು, ಪೆನ್ಸಿಲಿನಿಂದ ಎರಡು ಸಲ ತಿದ್ದಿದಳು.

“ಇಲ್ಲಿ ನೀನು ಕೂತ್ಕೋತೀಯ,” ಎಂದಳು.

ಹನ್ನೊಂದಕ್ಕೆ ವಲೇರ್ ಬಂದು, ಕಾಗದದ ಎರಡೂ ಮಗ್ಗುಲನ್ನು ಓದಿ, ಎರಡಕ್ಕೂ ಮೊಹರು ಹಾಕಿ ಫೈಲಿಗೆ ಸೇರಿಸಿದ.