ತೊಂದರೆ ಇರುವ ಸೆಲ್ಲು

ನಮ್ಮ ದೊಡ್ಡಪ್ಪನಂಥ ಜುಗ್ಗ ನಂಜನಗೂಡು ತಾಲ್ಲೂಕಿನಲ್ಲೇ ಇನ್ನೊಬ್ಬರಿಲ್ಲ ಎನ್ನುವುದು ನಮ್ಮ ನೆಂಟರಿಷ್ಟರೆಲ್ಲ ಒಮ್ಮತದಿಂದ ಒಪ್ಪಿಕೊಂಡಿರುವ ಏಕೈಕ ವಿಷಯ. ಜಮೀನಿನ ಬದುವಿನಿಂದ ಹಿಡಿದು ಸಾರಿಗೆ ಬೆಲ್ಲ ಹಾಕಬೇಕೆ ಬೇಡವೆ ಎನ್ನುವವರೆಗೆ ಮಿಕ್ಕ ಯಾವುದರಲ್ಲೂ ಒಂದಾಗದ ನಮ್ಮವರು ಈ ಮಾತಿಗೆ ಮಾತ್ರ ಒಟ್ಟಾಗಿ ತಲೆಯಾಡಿಸುತ್ತಾರೆ. ಸಾಕ್ಷಿ ಏನೆಂದು ಕೇಳಿದರೆ, ಸೆಲ್ಲು! ಅಂಗಡಿಯವನು ಒಳ್ಳೆಯ ರೀಚಾರ್ಜ್ ಸೆಲ್ಲನ್ನು ಕೈಗೆ ಕೊಟ್ಟರೂ ಅದನ್ನು ಪಕ್ಕಕ್ಕೆ ಸರಿಸಿ ಕಳಪೆಯದನ್ನೇ ಕೇಳಿ ತಂದ ಮಹಾನುಭಾವ ಎಂದು ಮದುವೆಮನೆಗಳಲ್ಲಿ ಎಲೆ ಹಾಕುವ ಮೊದಲೇ ಈ ಕತೆಯನ್ನು ಬಡಿಸುತ್ತಾರೆ.

ನನ್ನ ಆಕ್ಷೇಪಣೆ ಇದೆ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪರ, ವಿರೋಧ ಎರಡೂ ಕಡೆ ನಿಂತು ಕಪ್ಪು ತಂದವಳು ನಾನು. ಸಾಕ್ಷಿಯನ್ನು ಮಗುಚಿ ಹಾಕಿ ನೋಡದೆ ತೀರ್ಪಿಗೆ ತಲೆಬಾಗುವ ಅಭ್ಯಾಸ ನನಗಿಲ್ಲ. ಅದೂ ಅಲ್ಲದೆ, ಆ ಸೆಲ್ಲು ಕೊಳ್ಳುವಾಗ ದೊಡ್ಡಪ್ಪನ ಪಕ್ಕದಲ್ಲಿ ನಿಂತಿದ್ದವಳು ನಾನೊಬ್ಬಳೇ. ಕತೆ ಹೇಳುವವರಲ್ಲಿ ಒಬ್ಬರಾದರೂ ಅಲ್ಲಿದ್ದರೇ? ಇರಲಿಲ್ಲ.

ದೊಡ್ಡಪ್ಪ ನಂಜನಗೂಡಿಗೂ ತಿ. ನರಸೀಪುರಕ್ಕೂ ಓಡಾಡುವ ಖಾಸಗಿ ಬಸ್ಸೊಂದರ ಕಂಡಕ್ಟರು. ಕಂಡಕ್ಟರ ಜೊತೆ ಒಂದೇ ಮನೆಯಲ್ಲಿ ಇದ್ದು ನೋಡದವರಿಗೆ ಆ ಸುಖ ಅರ್ಥವಾಗುವುದಿಲ್ಲ. ಊಟಕ್ಕೆ ಕೂತ ನೆಂಟರಿಗೆ ಅವರು "ಒಳಿಕ್ ಓಗಿ, ಒಳಗೆ ಜಾಗ ಐತೆ" ಎನ್ನುತ್ತಾರೆ. ಬಚ್ಚಲುಮನೆಯಲ್ಲಿ ಯಾರಾದರೂ ತಡ ಮಾಡಿದರೆ ಬಾಗಿಲಿಗೆ ಎರಡು ಸಲ ಬಡಿಯುತ್ತಾರೆ. ಡ್ರೈವರು ಬಸ್ಸು ಎತ್ತುವ ಹಾಗೆ ನಾವು ಎದ್ದು ಹೊರಗೆ ಬರಬೇಕು. ಆದರೆ ಅವರ ನಿಜವಾದ ಆಸ್ತಿ ದಿನದ ಕತೆ. ಸಂಜೆ ಬಂದು, ಚರ್ಮದ ಚೀಲವನ್ನು ಮೊಳೆಗೆ ನೇತುಹಾಕಿ, ಕೈಕಾಲು ತೊಳೆದು ಜಗಲಿಗೆ ಕೂತರೆ ಶುರು. ಯಾರು ಎಲ್ಲಿ ಹತ್ತಿದರು, ಯಾರು ಹೆಣ್ಣು ನೋಡಲು ಹೊರಟಿದ್ದರು, ಯಾರು ಕಿಟಕಿಯ ಪಕ್ಕ ಕೂತು ಸದ್ದಿಲ್ಲದೆ ಅತ್ತರು, ಎಲ್ಲವನ್ನೂ ದೊಡ್ಡಮ್ಮನಿಗೆ ಒಪ್ಪಿಸಬೇಕು. ದೊಡ್ಡಮ್ಮ ಅಕ್ಕಿ ಆರಿಸುತ್ತ ಕೇಳುತ್ತಿದ್ದರು. ಅವರಿಬ್ಬರು ಸಿನಿಮಾಕ್ಕೆ ಹೋದದ್ದನ್ನು ನಾನು ಕಾಣೆ, ಯಾತ್ರೆಗೆ ಹೋದದ್ದನ್ನೂ ಕಾಣೆ. ಅವರ ದಾಂಪತ್ಯ ಪೂರ್ತಿ ನಡೆದದ್ದು ಆ ಜಗಲಿಯ ಮೇಲೆ, ಕತ್ತಲಾಗುವ ಹೊತ್ತಿನಲ್ಲಿ.

ಹೀಗಿರುವಾಗ ದೊಡ್ಡಮ್ಮನ ಕಿವಿ ಮಂದವಾಗುತ್ತ ಬಂತು. ದೊಡ್ಡಪ್ಪ ದನಿ ಏರಿಸಿದರು. ಕಂಡಕ್ಟರ ದನಿ, ಕೇಳಬೇಕೆ! ಕಾಲೇಜಿಗೆ ಹೋಗುತ್ತೇನೆಂದು ಹೊರಟ ಹುಡುಗ ತಿ. ನರಸೀಪುರದ ಸಿನಿಮಾ ಟಾಕೀಸಿನ ಮುಂದೆ ಇಳಿದ ಸುದ್ದಿ, ಎದುರುಸಾಲಿನ ಅವನ ಅಪ್ಪನಿಗೆ ನಮ್ಮ ಜಗಲಿಯಿಂದಲೇ ತಲುಪಿತು. ಆ ಹುಡುಗ ಇವತ್ತಿಗೂ ದೊಡ್ಡಪ್ಪನ ಬಸ್ಸು ಹತ್ತುವುದಿಲ್ಲ. ಕತೆ ಬೀದಿಗೆಲ್ಲ ಕೇಳಿಸುತ್ತಿತ್ತು, ಕೇಳಿಸಬೇಕಾದವರೊಬ್ಬರಿಗೆ ಮಾತ್ರ ಇಲ್ಲ.

ಕೊನೆಗೆ ಮೈಸೂರಿಗೆ ಕರೆದುಕೊಂಡು ಹೋಗಿ ಕಿವಿಗೆ ಮಿಷಿನ್ ಹಾಕಿಸಿ ತಂದರು. ಆ ಕಾಲದ ಮಿಷಿನ್ ಎಂದರೆ ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡ ಡಬ್ಬಿ, ಅದರಿಂದ ಕಿವಿಗೆ ಒಂದು ವೈರು. ದೊಡ್ಡಮ್ಮ ಅದಕ್ಕೊಂದು ಬಟ್ಟೆಯ ಚೀಲ ಹೊಲಿದು ಕೊರಳಿಗೆ ತೂಗುಹಾಕಿಕೊಂಡರು. ಒಂದು ಪೆನ್ಸಿಲ್ ಸೆಲ್ಲು ಹಾಕಿದರೆ ಲೋಕವೆಲ್ಲ ಕೇಳಿಸುತ್ತಿತ್ತು. ಆದರೆ ಸೆಲ್ಲು ಬೇಗ ಮುಗಿಯುತ್ತಿತ್ತು. ಇಲ್ಲಿ ನಿಜವಾದ ಜುಗ್ಗರ ಪ್ರವೇಶ!

ಹೌದು, ಜುಗ್ಗತನದ ಆರೋಪ ಯಾರ ಮೇಲಾದರೂ ನಿಲ್ಲುವುದಾದರೆ ಅದು ದೊಡ್ಡಮ್ಮನ ಮೇಲೆ. ರೇಡಿಯೋದಲ್ಲಿ ಹಾಡು ಬಂದರೆ ಮಿಷಿನ್ ಆನ್. ಪಕ್ಕದ ಮನೆಯವರು ಸೊಸೆಯ ವಿಚಾರ ಹೇಳಲು ಬಂದರೆ ಆನ್. ದೊಡ್ಡಪ್ಪ ಚೀಲವನ್ನು ಮೊಳೆಗೆ ಹಾಕಿದರೋ, ಕೊರಳಿನ ಚೀಲದೊಳಕ್ಕೆ ಕೈಹೋಗಿ ಟಕ್ ಎಂದು ಆಫ್.

"ನಿಮ್ ಬಸ್ಸಲ್ಲಿ ಯಾರ್ ಅತ್ತುದ್ರು ಯಾರ್ ಇಳುದ್ರು ಅಂತ ಕೇಳಕೆ ಸೆಲ್ಲು ದಂಡ ಮಾಡ್ಲಾ? ಬುಡಿ ಅತ್ಲಾಗಿ," ಎಂದು ಅವರು ಹೇಳಿದ್ದನ್ನು ನಾನೇ ಕೇಳಿದ್ದೇನೆ.

ದೊಡ್ಡಪ್ಪ ಮುಖ ಸಪ್ಪಗೆ ಮಾಡಿಕೊಂಡು ಕೂತರು. ಊರಿಗೆಲ್ಲ ಟಿಕೆಟ್ ಹರಿದುಕೊಟ್ಟು ಬಂದ ಮನುಷ್ಯನಿಗೆ ತನ್ನ ಮನೆಯಲ್ಲೇ ಸೀಟಿಲ್ಲ.

ಇನ್ನು ಅವರ ಪ್ರಸಿದ್ಧ ಜುಗ್ಗತನದ ಕಡೆ ಬನ್ನಿ. ಸೆಲ್ಲು ಮುಗಿಯುತ್ತದೆ ಎನ್ನುವುದೊಂದೇ ಹೆಂಡತಿಯ ನೆಪವಾದರೆ, ಸೆಲ್ಲು ಮುಗಿಯದಂತೆ ನೋಡಿಕೊಂಡರಾಯಿತಲ್ಲ? ಮುಗಿದ ಸೆಲ್ಲುಗಳನ್ನು ಬಿಸಿಲಿಗಿಟ್ಟರೆ ಜೀವ ಬರುತ್ತದೆಂದು ಸಂಡಿಗೆ ಒಣಗಿಸುವ ಮೊರದಲ್ಲೇ ಅವನ್ನೂ ಒಣಗಿಸಿದರು. ತಿ. ನರಸೀಪುರದಿಂದ ಬಂದಿದ್ದ ನಮ್ಮ ಸೋದರತ್ತೆ, ಅಂದರೆ ದೊಡ್ಡಪ್ಪನ ತಂಗಿ, ಎಣ್ಣೆ ಕಾಯಿಸಿ ಕಣ್ಣಂದಾಜಿನಲ್ಲಿ ಮೊರಕ್ಕೆ ಕೈ ಹಾಕಿದವರಿಗೆ ಒಂದು ಸಂಡಿಗೆ ಮಾತ್ರ ಯಾಕೋ ಭಾರವೆನಿಸಿತಂತೆ! ಅಂದಿನಿಂದ ಜುಗ್ಗ ಪಕ್ಷದ ಮುಖ್ಯ ವಕ್ತಾರರು ಈ ಅತ್ತೆಯೇ.

ಅದೂ ಸಾಲದೆಂದು ದೊಡ್ಡಪ್ಪ ಸೆಲ್ಲುಗಳಿಗೆ ನಾಲ್ಕು ಆಶ್ರಮ ವಿಧಿಸಿದರು. ಹೊಸ ಸೆಲ್ಲು ಮೊದಲು ದೊಡ್ಡಮ್ಮನ ಮಿಷಿನ್‌ನಲ್ಲಿ. ಯಾರ ಗೋಜಿಗೂ ಹೋಗದೆ ಹೆಚ್ಚುಕಾಲ ಆಫ್ ಆಗಿಯೇ ಕೂರುವ ಬ್ರಹ್ಮಚರ್ಯ. ಬಲ ಕುಂದಿದರೆ ರೇಡಿಯೋಗೆ, ಅಲ್ಲಿ ದಿನವಿಡೀ ಗಲಾಟೆಯ ಸಂಸಾರ. ಆಮೇಲೆ ಟೀವಿಯ ರಿಮೋಟಿಗೆ, ಅಂಗೈಗೆ ಕುಟ್ಟಿದರೆ ಮಾತ್ರ ಓಗೊಡುವ ವಾನಪ್ರಸ್ಥ. ಕಟ್ಟಕಡೆಗೆ ಗೋಡೆಗಡಿಯಾರದಲ್ಲಿ ಸಂನ್ಯಾಸ. ಗಡಿಯಾರವೂ ನಿಂತಾಗಷ್ಟೇ ಸೆಲ್ಲು ಲಿಂಗೈಕ್ಯವಾಯಿತೆಂದು ಒಪ್ಪುತ್ತಿದ್ದರು. ಇಷ್ಟೆಲ್ಲ ಮಾಡಿದರೂ ಜಗಲಿಯ ಮೇಲೆ ಮಾತ್ರ ಅದೇ ಟಕ್.

ಆಗ ಬಸ್ಸಿನ ಯಾರೋ ಪ್ರಯಾಣಿಕರು ಹೇಳಿದರು: ಮುಗಿದರೆ ಎಸೆಯಬೇಕಿಲ್ಲ, ಕರೆಂಟಿಗೆ ಸಿಕ್ಕಿಸಿದರೆ ಮತ್ತೆ ತುಂಬಿಕೊಳ್ಳುವ ಸೆಲ್ಲು ಬಂದಿದೆ ಎಂದು. ನನ್ನ ಕಾಲೇಜಿನ ಮುಂದಿನ ರಜೆಯ ದಿನವೇ ದೊಡ್ಡಪ್ಪ ನನ್ನನ್ನು ಬಸ್ಸಿಗೆ ಹತ್ತಿಸಿಕೊಂಡರು. ಪ್ಯಾಕೆಟ್ಟಿನ ಇಂಗ್ಲಿಷ್ ಓದಲು ಒಬ್ಬರು ಬೇಕಿತ್ತು, ಚೌಕಾಸಿಗೂ ಒಂದು ಬಾಯಿ ಬೇಕಿತ್ತು. "ಬಾವ್ವಾ ಲಾಯರಮ್ಮ" ಎಂದು ಕರೆದರು. ಕೂತ ಸೀಟನ್ನೂ ಉಳಿಸಲಿಲ್ಲ, ಬೇರೆಯವರು ಹತ್ತಿದರೆಂದು ಎಬ್ಬಿಸಿ ನಿಲ್ಲಿಸಿದರು.

ತಿ. ನರಸೀಪುರದ ಬಸ್‌ಸ್ಟ್ಯಾಂಡಿನ ಹಿಂದೆ ರೇಡಿಯೋ ರಿಪೇರಿ ಮಾಡುವ ಒಂದು ಪುಟ್ಟ ಅಂಗಡಿ. ಅಂಗಡಿಯವರು ಎರಡು ಪ್ಯಾಕೆಟ್ ಮುಂದಿಟ್ಟರು. ಒಂದು ಹಳೆಯ ನಮೂನೆ, ಒಂದು ಹೊಸದು. ಹೊಸದರಲ್ಲಿ ಚಾರ್ಜು ಹೆಚ್ಚು ಹೊತ್ತು ನಿಲ್ಲುತ್ತದೆ, ಯಾವಾಗ ಬೇಕಾದರೂ ತೆಗೆದು ಮತ್ತೆ ಚಾರ್ಜಿಗೆ ಹಾಕಬಹುದು. ಹಳೆಯದು ಹಾಗಲ್ಲ, ಪೂರ್ತಿ ಖಾಲಿಯಾದ ಮೇಲೆಯೇ ಹಾಕಬೇಕು. ಅರ್ಧ ಇರುವಾಗಲೇ ಹಾಕುತ್ತ ಹೋದರೆ ಬರಬರುತ್ತ ಸೆಲ್ಲಿಗೆ ಅಷ್ಟೇ ಅಭ್ಯಾಸವಾಗಿಬಿಡುತ್ತದೆ. ಬೆಲೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವೇನೂ ಇರಲಿಲ್ಲ.

ನಾನು ಹೊಸದರ ಪರವಾಗಿ ವಾದ ಮಂಡಿಸಿದೆ. ಬಾಳಿಕೆ, ಅನುಕೂಲ, ವಿಜ್ಞಾನ ಎಲ್ಲವನ್ನೂ ಎತ್ತಿದೆ. "ಮಾನ್ಯ ಅಧ್ಯಕ್ಷರೇ" ಎನ್ನುವುದೊಂದು ಬಾಕಿ. ದೊಡ್ಡಪ್ಪ ನನ್ನ ಮಾತು ಕೇಳುತ್ತಲೇ ಇರಲಿಲ್ಲ. ಹಳೆಯ ಪ್ಯಾಕೆಟ್ಟನ್ನು ತಿರುವಿ ತಿರುವಿ ನೋಡುತ್ತಿದ್ದರು.

"ಇದು ಖಾಲಿ ಆಗೋಗಂಟ ಉರೀತಾನೇ ಇರ್ಬೇಕಾ?"

"ಇದ್ರೆ ಒಳ್ಳೇದು ಸಾ. ಅದೇ ಇದರ ತೊಂದ್ರೆ. ಹೊಸದ್ರಲ್ಲಿ ಆ ತೊಂದ್ರೆ ಇಲ್ಲ."

"ಅಂಗಾರೆ ತೊಂದ್ರೆ ಇರೋದ್ನೇ ಕೊಡಿ."

ಅಂಗಡಿಯವರು ನನ್ನ ಮುಖ ನೋಡಿದರು. ನಾನು ಅವರ ಮುಖ ನೋಡಿದೆ. ತೊಂದರೆಯನ್ನು ಕೇಳಿ ಕೊಳ್ಳುವ ಗಿರಾಕಿ ಅವರಿಗೆ ಹಿಂದೆಂದೂ ಸಿಕ್ಕಿರಲಿಕ್ಕಿಲ್ಲ. ಒಂದು ಜೊತೆ ಸೆಲ್ಲು ತೆಗೆದುಕೊಂಡ ದೊಡ್ಡಪ್ಪ ಚಾರ್ಜರನ್ನು ಮಾತ್ರ ಇದ್ದುದರಲ್ಲಿ ಎಲ್ಲಕ್ಕಿಂತ ಒಳ್ಳೆಯದನ್ನು, ಚೌಕಾಸಿಯನ್ನೂ ಮಾಡದೆ, ಕೊಂಡರು. ಜುಗ್ಗರ ಲಕ್ಷಣವೇ ಇದು? ಅಂಗಡಿಯವರು ಅತ್ತೆಯ ಬೀದಿಯವರೇ ಆದ್ದರಿಂದ ಸುದ್ದಿ ಆ ಸಂಜೆಯೇ ಅತ್ತೆಯನ್ನು ಮುಟ್ಟಿತು. ಚಾರ್ಜರಿನ ಭಾಗವನ್ನು ಅತ್ತೆ ಕತೆಯಿಂದ ಕೈಬಿಟ್ಟರು. ಅದು ಅವರ ವಾದಕ್ಕೆ ಒದಗುತ್ತಿರಲಿಲ್ಲ.

ಬಸ್ಸಿನಲ್ಲಿ ಬರುವ ದಾರಿಯುದ್ದಕ್ಕೂ ನಾನು ಉರಿದುಕೊಂಡೇ ಬಂದೆ. ಮನೆಯಲ್ಲಿ ಅವರು ಸೆಲ್ಲು ಚಾರ್ಜು ಮಾಡಿ, ಮಿಷಿನ್ನಿಗೆ ಹಾಕಿ, ದೊಡ್ಡಮ್ಮನ ಕೈಗಿಟ್ಟು ಆಡಿದ ಮಾತು ಕೇಳಿದ ಮೇಲೆ ನನ್ನ ಉರಿ ಇಳಿಯಿತು.

"ಇದ್ನ ಮದ್ಯದಲ್ಲಿ ಆಫ್ ಮಾಡ್ಬಾರ್ದು ಕಣಮ್ಮಿ. ಖಾಲಿ ಆಗೋಗಂಟ ಓಡ್ತಾನೇ ಇರ್ಬೇಕು. ಇಲ್ದಿದ್ರೆ ಸೆಲ್ಲು ಕೆಟ್ಟೋಯ್ತದೆ, ದುಡ್ಡು ದಂಡ."

ಅಂಗಡಿಯವರು ಹೇಳಿದ್ದು, ಖಾಲಿಯಾಗದೆ ಚಾರ್ಜಿಗೆ ಹಾಕಬಾರದು ಎಂದು. ಆಫ್ ಮಾಡಬಾರದು ಎಂದು ಅವರು ಹೇಳಿರಲೇ ಇಲ್ಲ. ದೊಡ್ಡಪ್ಪ ಆ ಮಾತನ್ನು ತಿ. ನರಸೀಪುರದಲ್ಲಿ ಒಂದು ರೂಪದಲ್ಲಿ ಬಸ್ಸು ಹತ್ತಿಸಿ ನಂಜನಗೂಡಿನಲ್ಲಿ ಇನ್ನೊಂದು ರೂಪದಲ್ಲಿ ಇಳಿಸಿದ್ದರು. ದುಡ್ಡು ದಂಡವಾಗುವುದನ್ನು ಸಹಿಸದ ದೊಡ್ಡಮ್ಮ ನನ್ನ ಕಡೆ ತಿರುಗಿ, "ದಿಟವಾ ಮಗಾ?" ಎಂದರು.

ದೊಡ್ಡಪ್ಪ ನನ್ನತ್ತ ನೋಡಿದರು. ಚೆಕಿಂಗಿನವರು ಹತ್ತಿದಾಗ ಟಿಕೆಟ್ ಇಲ್ಲದ ಪ್ರಯಾಣಿಕ ನೋಡುವಂಥ ನೋಟ ಅದು. ಒಬ್ಬ ಕಂಡಕ್ಟರ ಕಣ್ಣಿನಲ್ಲಿ ಅದನ್ನು ಕಂಡವರು ಯಾರಿದ್ದಾರೆ! "ಖಾಲಿ ಆಗಬೇಕು ಅಂತ ಅಂಗಡಿಯವರು ಹೇಳಿದ್ದು ನಿಜ ದೊಡ್ಡಮ್ಮ," ಎಂದೆ. ನನ್ನ ವಾದಜೀವನದಲ್ಲೇ ಅತ್ಯಂತ ಎಚ್ಚರಿಕೆಯ ವಾಕ್ಯ ಅದು. ಅಕ್ಷರಶಃ ಸತ್ಯ, ಒಟ್ಟಾರೆ ಸುಳ್ಳು.

ಅಲ್ಲಿಂದ ಜಗಲಿ ಮತ್ತೆ ಜೀವ ಪಡೆಯಿತು. ಕುಕ್ಕರಿನ ಸೀಟಿ, ಕಾಗೆ, ಎದುರುಸಾಲಿನ ಜಗಳ ಎಲ್ಲವೂ ಕಿವಿಗೆ ಬಿದ್ದು ತಲೆ ಚಿಟ್ಟು ಹಿಡಿಯುತ್ತದೆಂದು ದೊಡ್ಡಮ್ಮ ಗೊಣಗುತ್ತಿದ್ದರು. ಆಫ್ ಮಾತ್ರ ಮಾಡುತ್ತಿರಲಿಲ್ಲ. ಆಫ್ ಮಾಡದವರಿಗೆ ಬಸ್ಸಿನ ಕತೆಯೂ ಕೇಳಿಸುತ್ತಿತ್ತು.

ಒಂದೇ ಒಂದು ಅಡಚಣೆ ಉಳಿದಿತ್ತು. ಆ ಚಾರ್ಜರಿನಲ್ಲಿ ಎರಡು ಸೆಲ್ಲೂ ಒಟ್ಟಿಗೇ ಕೂರಬೇಕು. ಒಂದನ್ನೇ ಇಟ್ಟರೆ ಅದರ ಕೆಂಪು ದೀಪ ಹತ್ತುವುದಿಲ್ಲ. ಹಾಗಾಗಿ ಎರಡೂ ಮುಗಿದಾಗ ದೊಡ್ಡಮ್ಮನ ಕಿವಿ ಸ್ವಿಚ್‌ಬೋರ್ಡಿನಲ್ಲಿ ಇರುತ್ತಿತ್ತು. ಯಾರಾದರೂ ಮಾತಾಡಿಸಲು ಬಂದರೆ ದೊಡ್ಡಪ್ಪ ಆ ಕಡೆ ಬೆರಳು ತೋರಿಸಿ, ಸ್ವಲ್ಪ ಹೊತ್ತು ಬಿಟ್ಟು ಬನ್ನಿ ಎಂದು ಕಳಿಸುತ್ತಿದ್ದರು. ತಾವೂ ಅಷ್ಟು ಹೊತ್ತು ಬಾಯಿ ಮುಚ್ಚಿಕೊಂಡು ಕಾಯುತ್ತಿದ್ದರು. ಹಾಗೆಂದು ನಾನು ತಿಳಿದಿದ್ದೆ.

ಆ ಬೇಸಿಗೆಯ ಒಂದು ದಿನ ಬೆಳಗಿನಿಂದ ಕರೆಂಟಿಲ್ಲ. ಎರಡೂ ಸೆಲ್ಲು ಮುಗಿದಿದ್ದವು. ದೀಪ ಹಚ್ಚುವ ಹೊತ್ತಿಗೆ ಕರೆಂಟು ಬಂತು. ದೊಡ್ಡಮ್ಮ ತಾವೇ ಮಿಷಿನ್ನಿನಿಂದ ಸೆಲ್ಲು ತೆಗೆದುಕೊಟ್ಟರು, ದೊಡ್ಡಪ್ಪ ತಾವೇ ಎರಡನ್ನೂ ಚಾರ್ಜರಿನಲ್ಲಿ ಕೂರಿಸಿದರು, ಕೆಂಪು ದೀಪ ಹತ್ತಿತು. ನಾನು ಒಳಗೆ ಪುಸ್ತಕ ಹಿಡಿದು ಕೂತೆ. ಸ್ವಲ್ಪ ಹೊತ್ತಿಗೆ ಜಗಲಿಯಿಂದ ಮಾತು ಕೇಳಿಸಿತು. ಮುದುಕಿಯೊಬ್ಬಳು ಹಲಸಿನ ಹಣ್ಣನ್ನು ಸೀಟಿನ ಮೇಲೆ ಕೂರಿಸಿ, ಅದಕ್ಕೂ ಟಿಕೆಟ್ ತಗೊಳ್ಳುತ್ತೇನೆ, ಎಬ್ಬಿಸಬೇಡಿ ಎಂದು ಹಟ ಹಿಡಿದ ಕತೆ. ಎದ್ದು ಬಾಗಿಲಿಗೆ ಬಂದು ನೋಡಿದೆ.

ದೊಡ್ಡಪ್ಪ ಕೂಗುತ್ತಿರಲಿಲ್ಲ. ಪಕ್ಕದಲ್ಲಿ ಕೂತವರೊಡನೆ ಆಡುವಷ್ಟು ತಗ್ಗಿದ ದನಿಯಲ್ಲಿ, ನಿಧಾನವಾಗಿ ಹೇಳುತ್ತಿದ್ದರು. ದೊಡ್ಡಮ್ಮನ ಕಿವಿಯಲ್ಲಿ ವೈರು ಇತ್ತು. ಮಡಿಲಲ್ಲಿ ಮಿಷಿನ್ನಿನ ಮುಚ್ಚಳ ತೆರೆದು ಬಿದ್ದಿತ್ತು, ಒಳಗೆ ಏನೂ ಇಲ್ಲ. ತುಟಿ ನೋಡಿ ಅರ್ಥ ಮಾಡಿಕೊಳ್ಳುತ್ತಿರಬಹುದೆಂದು ನಾನು ಕೂಡಲೇ ಒಂದು ವಾದ ಹೂಡಿದೆ. ಅದೂ ನಿಲ್ಲಲಿಲ್ಲ. ಅವರು ದೊಡ್ಡಪ್ಪನ ಮುಖವನ್ನು ನೋಡುತ್ತಲೇ ಇರಲಿಲ್ಲ, ತಲೆ ಬಗ್ಗಿಸಿ ಅಕ್ಕಿ ಆರಿಸುತ್ತಿದ್ದರು. ಆರಿಸುತ್ತಲೇ, ಹಲಸಿನ ಹಣ್ಣಿಗೆ ಟಿಕೆಟ್ ಹರಿದುಕೊಟ್ಟ ಜಾಗಕ್ಕೆ ಸರಿಯಾಗಿ, ನಕ್ಕರು.

ಮಾರನೆಯ ಬೆಳಿಗ್ಗೆ ಸೆಲ್ಲು ತುಂಬಿತ್ತು, ಮಿಷಿನ್ ಆನ್ ಆಗಿತ್ತು. ಕೇಳಿಸಲಿಲ್ಲ ಎಂದು ದೊಡ್ಡಮ್ಮ ನುಣುಚಿಕೊಳ್ಳುವ ಹಾಗಿರಲಿಲ್ಲ. ದೊಡ್ಡಪ್ಪ ಬಸ್ಸಿಗೆ ಹೊರಟು ಹೋಗುವವರೆಗೆ ಕಾದಿದ್ದು, ಒಲೆಯ ಮುಂದೆ ಕೂತಿದ್ದ ದೊಡ್ಡಮ್ಮನ ಪಕ್ಕದಲ್ಲಿ ಕೂತು ಕೇಳಿದೆ:

"ನಿನ್ನೆ ಸಂಜೆ ಮಿಷಿನ್ನಿನಲ್ಲಿ ಸೆಲ್ಲೇ ಇರಲಿಲ್ಲವಲ್ಲ ದೊಡ್ಡಮ್ಮ, ನೀನು ಏನು ಕೇಳಿಸಿಕೊಂಡು ನಕ್ಕೆ?"

ದೊಡ್ಡಮ್ಮ ಒಲೆಗೆ ಒಂದು ಸೌದೆ ಒಟ್ಟಿ, ಕೊರಳಿನ ಚೀಲದೊಳಕ್ಕೆ ಕೈಹಾಕಿ, ಟಕ್ ಎಂದು ಆಫ್ ಮಾಡಿದರು.