ದೊಡ್ಡಮ್ಮನ ಗೆದ್ದಲು ಮಡಕೆ

ಮನೆಗೆ ಗೆದ್ದಲು ಹಿಡಿದಿದೆ ಎಂದರೆ ಯಾರಾದರೂ ಅಯ್ಯೋ ಪಾಪ ಎನ್ನುತ್ತಾರೆ. ಕೇಳಿ ಕಣ್ಣರಳಿಸುವ ಜೀವ ಈ ಭೂಮಿಯ ಮೇಲೆ ಒಂದೇ ಒಂದು, ಅದು ನಮ್ಮ ದೊಡ್ಡಮ್ಮ! ಯಾವ ನೆಂಟರ ಮನೆಯ ಯಾವ ಬಾಗಿಲನ್ನು ಗೆದ್ದಲು ಎಷ್ಟು ತಿಂದಿದೆ ಎಂಬುದು ಆ ಮನೆಯವರಿಗಿಂತ ಅವಳಿಗೇ ಚೆನ್ನಾಗಿ ಗೊತ್ತು. ಫೋನ್ ಮಾಡಿದರೆ ಊಟ ಆಯ್ತಾ ಎಂದು ಕೇಳುವವಳಲ್ಲ. "ಗೆದ್ಲು ಎಂಗವೆ?" ಎನ್ನುತ್ತಾಳೆ. ನಾನೂ, "ಚೆನ್ನಾಗಿವೆ ದೊಡ್ಡಮ್ಮ, ನಿನ್ನನ್ನ ಕೇಳಿದವು" ಎನ್ನುತ್ತಿದ್ದೆ.

ಇದಕ್ಕೆಲ್ಲ ಕಾರಣ ನಾನೇ. ಅಮ್ಮ ಇಲ್ಲದ ನನಗೆ ಬಾಣಂತನ ಮಾಡಬೇಕಾದವಳು ದೊಡ್ಡಮ್ಮ. ನನಗೆ ಮೂರು ತಿಂಗಳು ಎಂದು ತಿಳಿದ ವಾರವೇ ಹೊಳೆನರಸೀಪುರದಲ್ಲಿ ತನ್ನ ಕುಂಟು ಹೇಂಟೆಯನ್ನು ಕಾವಿಗೆ ಕೂರಿಸಿಬಿಟ್ಟಳು. ಬಾಣಂತಿಗೆ ನಾಟಿ ಕೋಳಿ ಸಾರೇ ಆಗಬೇಕು, ಆ ಕೋಳಿ ಅಂಗಡಿಯ ಫೀಡ್ ಮುಟ್ಟಿರಬಾರದು, ಮರಿಯಿದ್ದಾಗಲೇ ಗೆದ್ದಲು ತಿಂದು ಬಲಿತಿರಬೇಕು. ಇದು ಅವಳ ಕಾನೂನು. ಮೂರು ವರ್ಷದ ಹಿಂದೆ ಒಮ್ಮೆ ಐದನೇ ತಿಂಗಳಲ್ಲಿ ನನಗೆ ಮಗು ಕೈತಪ್ಪಿತ್ತು. ಈ ಸಲ ಹಾಗಾಗಬಾರದೆಂದು ಡಾಕ್ಟರು ನನ್ನನ್ನು ನೋಡಿಕೊಂಡರೆ, ದೊಡ್ಡಮ್ಮ ಕೋಳಿಮರಿಗಳನ್ನು ನೋಡಿಕೊಂಡಳು!

ಅವಳ ವಿದ್ಯೆ ಸರಳ. ಹಳೇ ಮಡಕೆಗೆ ಒಣ ಸಗಣಿ, ರಾಗಿ ಹುಲ್ಲು, ತೆಂಗಿನ ಮಟ್ಟೆಯ ಚೂರು ತುಂಬಿ, ನೀರು ಚಿಮುಕಿಸಿ, ಗೆದ್ದಲು ಓಡಾಡುವ ಕಡೆ ಸಂಜೆ ಬೋರಲು ಹಾಕುವುದು. ಬೆಳಿಗ್ಗೆ ಎತ್ತಿದರೆ ಮಡಕೆ ತುಂಬ ಗೆದ್ದಲು! ಮರಿಗಳ ಮುಂದೆ ಕೊಡವಿದರೆ ಮದುವೆಮನೆಯ ಮೊದಲ ಪಂಕ್ತಿಯೇ. ಒಂಬತ್ತು ಮರಿಗಳು ಹತ್ತೇ ದಿನದಲ್ಲಿ ಅವಳ ಹಿತ್ತಲಿನ ಗೆದ್ದಲನ್ನು ಮುಗಿಸಿದವು. ಕಟ್ಟಾಯದ ಚಿಕ್ಕಪ್ಪನ ಹೊಸ ಮನೆಗೆ ಹೋಗಿ ಹುಡುಕಿದರೆ ಅಲ್ಲಿ ಒಂದೂ ಇಲ್ಲ. ಎಂಥಾ ಮನೆ ಕಟ್ಟಿದನೋ ಎಂದು ಅವರ ಮೇಲೆ ಬೇಜಾರು ಮಾಡಿಕೊಂಡು ಬಂದಳು.

ಕೊನೆಗೆ, ಹಾಸನದ ನಮ್ಮ ಮನೆಯ ಸ್ಟೋರ್ ರೂಮಿನ ಬಾಗಿಲಿಗೆ ಗೆದ್ದಲು ಹಿಡಿದಿದೆ ಎಂದು ನಾನೇ ಬಾಯಿಬಿಟ್ಟೆ. ಅಲ್ಲಿಂದ ಶುರು! ಸಂಜೆ ಬಸ್ಸಿಗೆ ಬಂದು ಬಾಗಿಲ ಬುಡದಲ್ಲಿ ಮಡಕೆ ಬೋರಲು ಹಾಕುವುದು, ಬೆಳಿಗ್ಗೆ ಅದರ ಬಾಯಿಗೆ ಹಳೇ ಸೀರೆ ಕಟ್ಟಿಕೊಂಡು ಬಸ್ಸು ಹತ್ತುವುದು. ಒಮ್ಮೆ ಕಂಡಕ್ಟರ್ ಒಳಗೇನಿದೆ ಎಂದು ಕೇಳಿದನಂತೆ. ಇವಳು ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದಕ್ಕೆ ಪಕ್ಕದವರು ಎದ್ದು ಹೋದರು. ಲಗೇಜ್ ಚಾರ್ಜ್ ಆಗುತ್ತೆ ಎಂದು ಅವನು ರಾಗ ತೆಗೆದಾಗ ದೊಡ್ಡಮ್ಮ ಮಡಕೆಗೆ ಕಟ್ಟಿದ ಸೀರೆಯ ಗಂಟು ಬಿಚ್ಚಲು ಕೈ ಹಾಕಿದಳು.

"ನಂಗೆ ಫ್ರೀ ಕಣಪ್ಪ. ಇವುಕ್ಕೆ ಬೇಕಾದ್ರೆ ಎಣಿಸ್ಕಂಡು ಟಿಕೆಟ್ ಕೊಡು."

ಅವನು ಹಾಸನದಿಂದ ಹೊಳೆನರಸೀಪುರದವರೆಗೆ ಆ ಸೀಟಿನ ಕಡೆ ತಿರುಗಿ ನೋಡಲಿಲ್ಲ.

ಇತ್ತ ನಮ್ಮ ಯಜಮಾನರಿಗೆ ತಡೆಯಲಾಗಲಿಲ್ಲ. ಔಷಧಿ ಹೊಡೆಯುವವನನ್ನು ಕರೆಸಿಯೇಬಿಟ್ಟರು. ಅವನು ಕ್ಯಾನ್ ಹೊತ್ತು ಬರುವಷ್ಟರಲ್ಲಿ ದೊಡ್ಡಮ್ಮ ಸ್ಟೋರ್ ರೂಮಿನ ಬಾಗಿಲಿಗೆ ಅಡ್ಡಲಾಗಿ ಸ್ಟೂಲ್ ಹಾಕಿಕೊಂಡು ಕೂತಿದ್ದಳು.

"ಆ ಇಸ ಗೆದ್ಲಿಗೆ ಓಯ್ತದೆ, ಗೆದ್ಲಿಂದ ಕೋಳಿಗೆ, ಕೋಳಿಯಿಂದ ಬಾಣಂತಿಗೆ, ಆಮೇಲೆ ನಿಮ್ ಮಗೀಗೆ. ಈಗ ಒಡೀರಿ ಅಳಿಯಂದ್ರೇ."

ಔಷಧಿಯವನು ನನ್ನ ಹೊಟ್ಟೆ ನೋಡಿದ, ಇವರ ಮುಖ ನೋಡಿದ, ಕ್ಯಾನ್ ಎತ್ತಿಕೊಂಡು ಹೋದ. ತಿಂಗಳಾದ ಮೇಲೆ ಒಂದು ದಿನ ಆ ಬಾಗಿಲು ಸುಮ್ಮನೆ ಇವರ ಕೈಗೇ ಬಂತು. ಇವರು ಬಾಗಿಲು ಹಿಡಿದು ನಿಂತಿದ್ದರೆ ದೊಡ್ಡಮ್ಮ ಅದರ ಮೇಲೆ ಕೈಯಾಡಿಸಿ, ಚೆನ್ನಾಗಿ ಮೇಯ್ದವೆ ಎಂದು ಮೆಚ್ಚಿಕೊಂಡಳು!

ನನಗೂ ಸಿಟ್ಟು ಬಂದದ್ದುಂಟು. ಐದನೇ ತಿಂಗಳಲ್ಲಂತೂ ದಿನಕ್ಕೆ ಮೂರು ಸಲ ಫೋನ್ ಮಾಡುತ್ತಿದ್ದಳು, ಮೂರು ಸಲವೂ ಗೆದ್ದಲಿನ ಸಮಾಚಾರವೇ. ನೀನು ಹೇಗಿದ್ದೀಯ ಎಂದು ಒಂದು ಮಾತು ಕೇಳಬಾರದೇ? ಇವಳಿಗೆ ನನಗಿಂತ ಹುಳವೇ ಹೆಚ್ಚಾಯಿತೇ ಎಂದುಕೊಂಡೆ.

ದೇವರು ದೊಡ್ಡವನು, ಮಗಳು ಹುಟ್ಟಿದಳು. ಹೊಳೆನರಸೀಪುರದಲ್ಲೇ ಬಾಣಂತನ. ಮೊದಲ ಕೋಳಿ ಸಾರಿನ ದಿನ ಅಡುಗೆಮನೆ ಬಾಗಿಲಲ್ಲಿ ಕೂತಿದ್ದೆ. ಹಿತ್ತಲಿನಲ್ಲಿ ಆ ಕುಂಟು ಹೇಂಟೆ ಕಾಣಿಸಿತು. ಬಲಿತ ಹುಂಜವನ್ನು ಯಾಕೆ ಕುಯ್ಯಿಸಿದೆ, ಮೊಟ್ಟೆ ನಿಲ್ಲಿಸಿದ ಈ ಕುಂಟಿಯನ್ನೇ ಸಾರು ಮಾಡಬಹುದಿತ್ತಲ್ಲ ಎಂದು ತಮಾಷೆಗೆ ಕೇಳಿದೆ.

ದೊಡ್ಡಮ್ಮ ಒಲೆಯ ಕಡೆಯಿಂದ ಮುಖ ತಿರುಗಿಸಲಿಲ್ಲ.

"ಅದು ಓದ್ಸಲ ನಿಂಗೇ ಅಂತ ಸಾಕಿದ್ದು ಕಣವ್ವ. ನೀನು ಉಣ್ನಿಲ್ಲ. ನಾನೆಂಗೆ ಉಣ್ಲಿ?"

ಮೂರು ವರ್ಷ ಆ ಕೋಳಿಯನ್ನು ಮಾರಲಿಲ್ಲ, ಕುಯ್ಯಲಿಲ್ಲ, ನನಗೆ ಹೇಳಲೂ ಇಲ್ಲ. ಐದನೇ ತಿಂಗಳಲ್ಲಿ ನೀನು ಹೇಗಿದ್ದೀಯ ಎಂದು ಕೇಳಲು ಅವಳಿಗೆ ಭಯವಾಗಿತ್ತು. ಅದಕ್ಕೇ ಗೆದ್ದಲನ್ನು ಕೇಳುತ್ತಿದ್ದಳು. ಕಣ್ಣೀರು ಸುರಿಸಿಕೊಂಡೇ ಎರಡು ಬಟ್ಟಲು ಸಾರು ಕುಡಿದೆ. ಖಾರ ಜಾಸ್ತಿಯಾಯಿತೇನೋ ಎಂದು ಅವಳು ಪೇಚಾಡಿದಳು.

ಮರುದಿನ ಬೆಳಿಗ್ಗೆ ಮಗುವನ್ನು ಎತ್ತಿಕೊಂಡು ಹಿತ್ತಲ ಬಾಗಿಲಿಗೆ ಬಂದೆ. ಅಲ್ಲಿ ಆಗಲೇ ಮತ್ತೆ ಗೆದ್ದಲು ಬಂದಿತ್ತು. ದೊಡ್ಡಮ್ಮ ಮಡಕೆ ಎತ್ತಿದಳು, ಮುನ್ನುಗ್ಗಿದ ಕೋಳಿಗಳನ್ನೆಲ್ಲ ಅತ್ತ ಅಟ್ಟಿದಳು. ಮೊದಲ ಪಾಲನ್ನು ಕುಂಟುತ್ತ ಬಂದ ಆ ಹೇಂಟೆಯ ಮುಂದೆ ಕೊಡವಿದಳು.